ಅಪ್ಪ ಮಾಡಿದ ತೋಟಕ್ಕೆ 75 ವರ್ಷದ ದಾಖಲೆ ಎಲ್ಲಿಂದ ತರಲಿ?

ಪ್ರಶ್ನೆ: ಸಿದ್ದಾಪುರ ತಾಲೂಕಿನ ಕಾಡಂಚಿನಲ್ಲಿ ನಮ್ಮ ಮನೆ. ಮುತ್ತಜ್ಜನ ಕಾಲದಿಂದಲೂ ಇದೇ ಊರು. ಅಪ್ಪ 1982ರ ಸುಮಾರಿಗೆ ಅರಣ್ಯದ ಜಾಗದಲ್ಲಿ ಒಂದೂವರೆ ಎಕರೆ ಅಡಿಕೆ ಹಾಕಿದರು. ನಾವು ಪರಿಶಿಷ್ಟ ಪಂಗಡದವರಲ್ಲ. '75 ವರ್ಷದ ದಾಖಲೆ ಇಲ್ಲ' ಅಂತ ಉಪವಿಭಾಗ ಸಮಿತಿ ನಮ್ಮ ಅರಣ್ಯ ಹಕ್ಕು ಅರ್ಜಿ ತಿರಸ್ಕರಿಸಿದೆ. ಬಗರ್‌ಹುಕುಂನಲ್ಲಿ ಹಾಕಬಹುದಾ?

ಉತ್ತರ: ಬಗರ್‌ಹುಕುಂ ಆಸೆ ಬಿಡಿ. ಅದು ಕಂದಾಯ ಇಲಾಖೆಯ ಜಮೀನಿನಲ್ಲಿ ಅನುಮತಿಯಿಲ್ಲದೆ ಮಾಡಿದ ಸಾಗುವಳಿಯನ್ನು ಸಕ್ರಮ ಮಾಡುವುದಕ್ಕೆ. ಅರಣ್ಯ ಜಾಗಕ್ಕೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ. ಸುಮ್ನೆ ಓಡಾಟ, ಖರ್ಚು.

ನಿಮ್ಮ ದಾರಿ 2006ರ ಅರಣ್ಯ ಹಕ್ಕು ಕಾಯ್ದೆಯೇ. ಆ 75 ವರ್ಷದ ಮಾತು ಕೇಳಿ ಕೇಳಿ ನನಗೆ ಸಿಟ್ಟು ಬರುತ್ತದೆ. ಪರಿಶಿಷ್ಟ ಪಂಗಡದವರಲ್ಲದವರು ಮೂರು ತಲೆಮಾರು, ಅಂದರೆ ತಲೆಮಾರಿಗೆ 25ರಂತೆ 75 ವರ್ಷ, ಕಾಡನ್ನು ನಂಬಿ ಅಲ್ಲಿ ಬದುಕಿರಬೇಕು ಅನ್ನುತ್ತದೆ ಕಾಯ್ದೆ. ಇದೇ ತೋಟವನ್ನು 75 ವರ್ಷ ಮಾಡಿರಬೇಕು ಅನ್ನುವುದಿಲ್ಲ. ತೋಟ 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ನಿಮ್ಮ ಸ್ವಾಧೀನದಲ್ಲಿದ್ದರೆ ಸಾಕು.

ಇನ್ನು ಪುರಾವೆ. ಕಾಗದವೇ ಬೇಕು ಅಂತ ಸಮಿತಿ ಹಟ ಹಿಡಿಯುವಂತಿಲ್ಲ. ಊರಿನ ಹಿರಿಯರ ಹೇಳಿಕೆ ಬರೆಸಿಕೊಳ್ಳಿ, ಆದರೆ ಅರ್ಜಿದಾರರದ್ದೇ ಹೇಳಿಕೆ ನಡೆಯುವುದಿಲ್ಲ. ಆಮೇಲೆ ತೋಟ ಸುತ್ತಿ ನೋಡಿ. ಅಪ್ಪ ತೆಗೆಸಿದ ಅಗಳ (ತೋಟದ ಸುತ್ತಲಿನ ಕಂದಕ), ಧರೆ ಕಡಿದು ಸಮ ಮಾಡಿದ ಜಾಗ, ಕಲ್ಲು ಕಟ್ಟಿದ ಬಾವಿ ಇವೆಲ್ಲ ನಿಯಮದಲ್ಲೇ ಒಪ್ಪುವ ಸಾಕ್ಷಿ. ಮೂರು ತಲೆಮಾರಿಗೆ ಹಳೇ ಮನೆಯ ಅಡಿಪಾಯ, ಊರಿನ ಸ್ಮಶಾನ, ಚೌಡಿ ದೇವಿಯ ಬನ ತೋರಿಸಿ. ಫೋಟೊ ತೆಗೆಸಿ, ಗ್ರಾಮ ಅರಣ್ಯ ಹಕ್ಕು ಸಮಿತಿಯಿಂದ ಸ್ಥಳ ಪರಿಶೀಲನೆ ವರದಿಗೆ ಸೇರಿಸಿಸಿ. ಒಂದಲ್ಲ, ಕನಿಷ್ಠ ಎರಡು ಬಗೆಯ ಸಾಕ್ಷಿ ಇರಲಿ.

ತಿರಸ್ಕಾರದ ಆದೇಶವನ್ನು ಬರಹದಲ್ಲಿ, ಕಾರಣ ಸಹಿತ ಕೇಳಿ ಪಡೆಯಿರಿ. ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ಸಮಿತಿಗೆ ಮೇಲ್ಮನವಿ ಹಾಕಲು 60 ದಿನ ಅವಕಾಶ. ಜಿಲ್ಲಾ ಸಮಿತಿಯ ತೀರ್ಮಾನವೇ ಕೊನೆಯದು. ಹಾಗಾಗಿ ಇಲ್ಲಿ ಅರೆಬರೆ ಕೆಲಸ ಬೇಡ.

ಹತ್ತಾರು ಎಕರೆ ಕಾಡು ನುಂಗಿದವರ ಸಾಲಿಗೆ ಒಂದೂವರೆ ಎಕರೆಯವರನ್ನೂ ನಿಲ್ಲಿಸುವುದು ಅನ್ಯಾಯ. ಆದರೆ ನೀವೂ ಬೇಲಿಯನ್ನು ಒಂದು ಗೇಣು ಮುಂದೆ ತಳ್ಳಬೇಡಿ. ಹೊಸದಾಗಿ ಕಡಿದ ಜಾಗ ಕಣ್ಣಿಗೆ ಬಿದ್ದರೆ ಹಳೇದಕ್ಕೂ ಕುತ್ತು, ಅಲ್ವಾ?

ಹಕ್ಕುಪತ್ರ ಸಿಕ್ಕ ಜಮೀನು ಮಕ್ಕಳಿಗೆ ಹೋಗುತ್ತದೆ, ಮಾರಲು ಬರುವುದಿಲ್ಲ. ಪತ್ರ ಗಂಡ-ಹೆಂಡತಿ ಇಬ್ಬರ ಹೆಸರಲ್ಲೂ ಇರಬೇಕು. ಅರ್ಜಿಯಲ್ಲಿ ನಿಮ್ಮ ಹೆಂಡತಿಯ ಹೆಸರು ಬಿಟ್ಟುಹೋಗಿದ್ದರೆ ಮೇಲ್ಮನವಿಯಲ್ಲೇ ಸೇರಿಸಿಬಿಡಿ.