ಧಾರಾವಾಹಿಯ ಹೆಸರು ಕ್ಯಾಟಲಾಗಿನಲ್ಲಿ ಸಿಗದಿದ್ದಾಗ

ಪ್ರಶ್ನೆ: ನಾನು ಸಮೂಹ ಸಂವಹನ ವಿಷಯದ ಸ್ನಾತಕೋತ್ತರ ವಿದ್ಯಾರ್ಥಿನಿ. ಟಿವಿ ಧಾರಾವಾಹಿಗಳಲ್ಲಿ ಉದ್ಯೋಗಸ್ಥ ಮಹಿಳೆಯರ ಚಿತ್ರಣವನ್ನು ಕುರಿತು ಕಿರುಪ್ರಬಂಧ ಬರೆಯುತ್ತಿದ್ದೇನೆ. ನಾನು ಆರಿಸಿಕೊಂಡ ಧಾರಾವಾಹಿಯ ಹೆಸರನ್ನು ಗ್ರಂಥಾಲಯದ ಕ್ಯಾಟಲಾಗಿನಲ್ಲಿ ಹುಡುಕಿದರೆ ಒಂದು ಪುಸ್ತಕವೂ ಸಿಗುವುದಿಲ್ಲ. ಅಂತರ್ಜಾಲದಲ್ಲಿ ಹುಡುಕಿದರೆ ನಟಿಯರ ಸಂದರ್ಶನಗಳೇ ರಾಶಿ ಬೀಳುತ್ತವೆ. ಮಾರ್ಗದರ್ಶಕರು ಡೇಟಾಬೇಸ್ ನೋಡಿ ಎನ್ನುತ್ತಾರೆ. ಎರಡಕ್ಕೂ ಇರುವ ವ್ಯತ್ಯಾಸವೇನು? ಎಲ್ಲಿಂದ ಆರಂಭಿಸಬೇಕು?

ಉತ್ತರ: ಕ್ಯಾಟಲಾಗ್ ಎಂಬುದು ಗ್ರಂಥಾಲಯದಲ್ಲಿ ಏನೇನಿದೆ ಎಂಬುದರ ದಾಖಲೆ. ಅದರಲ್ಲಿ ಪುಸ್ತಕವು ಇಡಿಯಾಗಿ ದಾಖಲಾಗುತ್ತದೆಯೇ ಹೊರತು ಅದರೊಳಗಿನ ಅಧ್ಯಾಯಗಳು ಬಿಡಿಬಿಡಿಯಾಗಿ ದಾಖಲಾಗುವುದು ಅಪರೂಪ. ನಿಯತಕಾಲಿಕಗಳ ವಿಷಯದಲ್ಲೂ ಅಷ್ಟೆ: ಪತ್ರಿಕೆಯ ಹೆಸರು ಮತ್ತು ಗ್ರಂಥಾಲಯದಲ್ಲಿರುವ ಸಂಪುಟಗಳ ವಿವರ ಸಿಗುತ್ತದೆ, ಅವುಗಳಲ್ಲಿ ಪ್ರಕಟವಾದ ಲೇಖನಗಳ ವಿವರ ಸಿಗುವುದಿಲ್ಲ. ಲೇಖನಗಳನ್ನು ಒಂದೊಂದಾಗಿ, ಲೇಖಕರ ಹೆಸರು, ವಿಷಯ ಮತ್ತು ಸಾರಾಂಶಗಳ ಸಮೇತ ದಾಖಲಿಸುವುದು ಡೇಟಾಬೇಸಿನ ಕೆಲಸ. ಈಗ ಬಹಳಷ್ಟು ಗ್ರಂಥಾಲಯಗಳು ಎರಡನ್ನೂ ಒಂದೇ ಹುಡುಕು ಪೆಟ್ಟಿಗೆಯಲ್ಲಿ ಸೇರಿಸಿಕೊಟ್ಟಿವೆ. ಅದು ಅನುಕೂಲವೇ ಆದರೂ ಫಲಿತಾಂಶಗಳು ಸಾವಿರಗಟ್ಟಲೆ ಬಂದು ಬೀಳುವುದರಿಂದ, ಆರಂಭದಲ್ಲಿ ಎರಡನ್ನೂ ಪ್ರತ್ಯೇಕವಾಗಿ ಹುಡುಕುವುದೇ ಒಳ್ಳೆಯದೆಂಬುದು ನನ್ನ ಅಭಿಪ್ರಾಯ.

ನಿಮಗೆ ಏನೂ ಸಿಗದಿರಲು ಮುಖ್ಯ ಕಾರಣ ನೀವು ಧಾರಾವಾಹಿಯ ಹೆಸರಿನಿಂದ ಹೊರಟಿರುವುದು. ಒಂದು ನಿರ್ದಿಷ್ಟ ಧಾರಾವಾಹಿಯ ಮೇಲೆ ಇಡೀ ಪುಸ್ತಕ ಬಂದಿರುವ ಸಂಭವ ಕಡಿಮೆ, ಅದು ಈಚಿನದಾಗಿದ್ದರೆ ಇನ್ನೂ ಕಡಿಮೆ. ಆದರೆ ನಿಮ್ಮ ಪ್ರಶ್ನೆ ಇರುವುದು ಆ ಧಾರಾವಾಹಿಯ ಬಗ್ಗೆ ಮಾತ್ರವಲ್ಲ. ಕಿರುತೆರೆಯಲ್ಲಿ ಮಹಿಳೆ, ಉದ್ಯೋಗ ಮತ್ತು ಕುಟುಂಬ, ದೈನಿಕ ಧಾರಾವಾಹಿ ಎಂಬ ಪ್ರಕಾರ, ಇವುಗಳ ಬಗ್ಗೆ. ಇವುಗಳ ಮೇಲೆ ದಶಕಗಳಿಂದ ಬರವಣಿಗೆ ನಡೆದಿದೆ. ಆ ಬರವಣಿಗೆಯನ್ನು ಹಿನ್ನೆಲೆಯಾಗಿಟ್ಟುಕೊಂಡು ನಿಮ್ಮ ಧಾರಾವಾಹಿಯನ್ನು ನೀವೇ ವಿಶ್ಲೇಷಿಸಬೇಕು. ಯಾರೂ ಅದರ ಮೇಲೆ ಬರೆದಿಲ್ಲ ಎಂಬುದು ಸಂಶೋಧಕರಿಗೆ ಕೊರತೆಯೇನಲ್ಲ.

ಕ್ಯಾಟಲಾಗಿನಲ್ಲಿ ಇಂಥ ವಿಷಯಗಳನ್ನು ಹಿಡಿಯಲು ವಿಷಯ ಶೀರ್ಷಿಕೆಗಳನ್ನು ಬಳಸಬೇಕು. ಒಂದೇ ವಿಷಯವನ್ನು ಹಲವು ಲೇಖಕರು ಹಲವು ಮಾತುಗಳಲ್ಲಿ ಹೇಳುವುದರಿಂದ, ಗ್ರಂಥಪಾಲಕರು ಅವೆಲ್ಲಕ್ಕೂ ಒಂದೇ ಗೊತ್ತಾದ ಶೀರ್ಷಿಕೆಯನ್ನು ಕೊಡುತ್ತಾರೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ರೂಪಿಸಿದ ಶೀರ್ಷಿಕೆಗಳನ್ನು ಜಗತ್ತಿನ ಅನೇಕ ಗ್ರಂಥಾಲಯಗಳು ಅನುಸರಿಸುತ್ತವೆ. ಆ ಪದ್ಧತಿಯಲ್ಲಿ ನಿಮ್ಮ ವಿಷಯ ‘ವಿಮೆನ್ ಆನ್ ಟೆಲಿವಿಷನ್’ ಎಂಬ ಶೀರ್ಷಿಕೆಯಡಿ ಬರುತ್ತದೆ. ಟಿವಿ ಸುದ್ದಿಯ ಮೇಲಿನ ಪುಸ್ತಕಗಳು ‘ಟೆಲಿವಿಷನ್ ಬ್ರಾಡ್‌ಕಾಸ್ಟಿಂಗ್ ಆಫ್ ನ್ಯೂಸ್’ ಎಂಬ ಉದ್ದದ ಶೀರ್ಷಿಕೆಯಡಿ ಇರುತ್ತವೆ. ಇದನ್ನು ಯಾವ ಓದುಗರೂ ತಾವಾಗಿ ಊಹಿಸಲಾರರು. ಊಹಿಸಬೇಕಾಗಿಯೂ ಇಲ್ಲ. ತೋಚಿದ ಪದಗಳಿಂದ ಹುಡುಕಿ, ನಿಮ್ಮ ವಿಷಯಕ್ಕೆ ನಿಜವಾಗಿ ಹೊಂದುವ ಒಂದೇ ಒಂದು ಪುಸ್ತಕವನ್ನು ಆರಿಸಿ, ಅದರ ಪೂರ್ಣ ದಾಖಲೆಯನ್ನು ತೆರೆಯಿರಿ. ಅಲ್ಲಿ ವಿಷಯ ಶೀರ್ಷಿಕೆಗಳು ಕೊಂಡಿಗಳಾಗಿ ಕಾಣುತ್ತವೆ. ಅವುಗಳ ಮೇಲೆ ಒತ್ತಿದರೆ ಅದೇ ವಿಷಯದ ಉಳಿದ ಪುಸ್ತಕಗಳು, ಅವುಗಳ ಹೆಸರಿನಲ್ಲಿ ನಿಮ್ಮ ಪದ ಇರಲಿ ಇಲ್ಲದಿರಲಿ, ಒಟ್ಟಾಗಿ ಬರುತ್ತವೆ.

ಕಪಾಟಿನ ಮುಂದೆ ನಿಂತು ಹುಡುಕುವ ಅಭ್ಯಾಸವಿದ್ದರೆ ಇನ್ನೊಂದು ಮಾತು. ಪುಸ್ತಕಗಳಿಗೆ ವಿಷಯವಾರು ಸಂಖ್ಯೆ ಕೊಟ್ಟು ಜೋಡಿಸುವ ಡ್ಯೂಯಿ ದಶಮಾಂಶ ವರ್ಗೀಕರಣದಲ್ಲಿ ಟಿವಿ ಕಾರ್ಯಕ್ರಮಗಳ ಪುಸ್ತಕಗಳು 791.45ರಲ್ಲಿ, ಟಿವಿಯ ಸಾಮಾಜಿಕ ಪರಿಣಾಮದ ಪುಸ್ತಕಗಳು 302.2345ರಲ್ಲಿ, ಪ್ರಸಾರ ಉದ್ಯಮಕ್ಕೆ ಸಂಬಂಧಿಸಿದವು 384.55ರಲ್ಲಿ, ತಂತ್ರಜ್ಞಾನದವು 621.388ರಲ್ಲಿ ಇರುತ್ತವೆ. ಒಂದೇ ಸಾಲನ್ನು ನೋಡಿ ‘ಇಷ್ಟೇ ಇರುವುದು’ ಎಂದು ಹಿಂತಿರುಗುವವರು ಉಳಿದ ಮೂರನ್ನು ಕಳೆದುಕೊಳ್ಳುತ್ತಾರೆ. ನಿಮ್ಮ ವಿಷಯಕ್ಕೆ ಮೊದಲ ಎರಡು ಸಾಲುಗಳು ಮುಖ್ಯ.

ಡೇಟಾಬೇಸುಗಳಲ್ಲಿ ಯಾವುದನ್ನು ತೆರೆಯಬೇಕೆಂಬುದು ನಿಮ್ಮ ಪ್ರಶ್ನೆ ಯಾವ ಶಾಸ್ತ್ರಕ್ಕೆ ಸೇರಿದ್ದು ಎಂಬುದನ್ನು ಅವಲಂಬಿಸಿದೆ. ಧಾರಾವಾಹಿಯನ್ನು ಒಂದು ಕೃತಿಯಾಗಿ ಓದುವವರಿಗೆ ‘ಫಿಲ್ಮ್ ಅಂಡ್ ಟೆಲಿವಿಷನ್ ಲಿಟರೇಚರ್ ಇಂಡೆಕ್ಸ್’, ಮಾಧ್ಯಮ ಅಧ್ಯಯನದ ದೃಷ್ಟಿಯಿಂದ ನೋಡುವವರಿಗೆ ‘ಕಮ್ಯುನಿಕೇಷನ್ ಅಂಡ್ ಮಾಸ್ ಮೀಡಿಯಾ ಕಂಪ್ಲೀಟ್’ ಸೂಕ್ತ. ಟಿವಿ ನೋಡುವ ಮಕ್ಕಳ ಮನಸ್ಸಿನ ಮೇಲಾಗುವ ಪರಿಣಾಮ ಬೇಕಿದ್ದರೆ ‘ಸೈಕ್‌ಇನ್ಫೊ’, ಕಲಿಕೆಯಲ್ಲಿ ಟಿವಿಯ ಬಳಕೆ ಬೇಕಿದ್ದರೆ ‘ಎರಿಕ್’. ಇವುಗಳಲ್ಲಿ ಎರಿಕ್ ಎಲ್ಲರಿಗೂ ಉಚಿತ. ಉಳಿದವಕ್ಕೆ ಗ್ರಂಥಾಲಯದ ಚಂದಾ ಬೇಕು. ವಿದ್ವತ್ ಪತ್ರಿಕೆಗಳ ಸಂಗ್ರಹವಾದ ‘ಜೆಸ್ಟೋರ್’ ಜನಪ್ರಿಯವಾದರೂ, ಅದರಲ್ಲಿ ಅನೇಕ ಪತ್ರಿಕೆಗಳ ಈಚಿನ ಕೆಲವು ವರ್ಷಗಳ ಸಂಚಿಕೆಗಳು ಇರುವುದಿಲ್ಲವೆಂಬುದನ್ನು ಗಮನದಲ್ಲಿಟ್ಟುಕೊಳ್ಳಿ.

ಹುಡುಕುವ ಕ್ರಮ ಹೀಗಿರಲಿ. ಟೆಲಿವಿಷನ್ ಎಂಬ ಇಂಗ್ಲಿಷ್ ಪದದ ಮೊದಲ ಏಳು ಅಕ್ಷರಗಳನ್ನಷ್ಟೇ ಬರೆದು ಮುಂದೆ ನಕ್ಷತ್ರ ಚಿಹ್ನೆ ಹಾಕಿದರೆ, ಹೆಚ್ಚಿನ ಡೇಟಾಬೇಸುಗಳಲ್ಲಿ ಟೆಲಿವಿಷನ್, ಟೆಲಿವೈಸ್ಡ್, ಟೆಲಿವಿಷುವಲ್ ಎಲ್ಲವೂ ಸಿಗುತ್ತವೆ. ಆದರೆ ಟಿವಿ ಎಂಬ ಹ್ರಸ್ವರೂಪ ಸಿಗುವುದಿಲ್ಲ. ಅದನ್ನು ‘ಆರ್’ (ಇದು ಅಥವಾ ಅದು) ಎಂಬ ಪದದಿಂದ ಜೋಡಿಸಿ ಎರಡನ್ನೂ ಒಂದೇ ಆವರಣದಲ್ಲಿಡಬೇಕು. ಎರಡನೆಯ ಸಾಲಿನಲ್ಲಿ ಸೋಪ್ ಓಪೆರಾ, ಸೀರಿಯಲ್, ಟೆಲಿನೊವೆಲಾ ಎಂಬ ಪರ್ಯಾಯಗಳು, ಮೂರನೆಯದರಲ್ಲಿ ಮಹಿಳೆ ಮತ್ತು ಲಿಂಗತ್ವಕ್ಕೆ ಸಂಬಂಧಿಸಿದ ಪದಗಳು. ಸಾಲುಗಳ ನಡುವೆ ‘ಅಂಡ್’ (ಎಲ್ಲವೂ ಇರಬೇಕು ಎಂದರ್ಥ). ಒಂದಕ್ಕಿಂತ ಹೆಚ್ಚು ಪದಗಳ ಪದಗುಚ್ಛವನ್ನು ಉದ್ಧರಣ ಚಿಹ್ನೆಯೊಳಗೆ ಇಡಿ. ಒಂದು ಪದವಿರುವ ಬರಹಗಳನ್ನು ಹೊರಗಿಡುವ ‘ನಾಟ್’ ಪ್ರಯೋಗವನ್ನು ಆದಷ್ಟು ದೂರವಿಡಿ, ಏಕೆಂದರೆ ಬೇಡವಾದದ್ದನ್ನು ತೆಗೆಯಲು ಹೋಗಿ ಅದನ್ನು ಪ್ರಾಸಂಗಿಕವಾಗಿ ಹೆಸರಿಸಿದ ಒಳ್ಳೆಯ ಲೇಖನಗಳೂ ಹೊರಟುಹೋಗುತ್ತವೆ. ಫಲಿತಾಂಶಗಳು ತೀರಾ ಹೆಚ್ಚಾದರೆ ಹುಡುಕಾಟವನ್ನು ಶೀರ್ಷಿಕೆ ಮತ್ತು ಸಾರಾಂಶಗಳಿಗೆ ಸೀಮಿತಗೊಳಿಸಿ.

ತಜ್ಞವಿಮರ್ಶೆಗೆ, ಅಂದರೆ ಪ್ರಕಟಣೆಗೆ ಮುನ್ನ ಅದೇ ಕ್ಷೇತ್ರದ ತಜ್ಞರ ಪರಿಶೀಲನೆಗೆ, ಒಳಪಟ್ಟ ಬರಹಗಳನ್ನು ಮಾತ್ರ ತೋರಿಸೆಂದು ಗುರುತು ಹಾಕಿದ ಮಾತ್ರಕ್ಕೆ ನಿಶ್ಚಿಂತರಾಗಬೇಡಿ. ಆ ಸೋಸುವಿಕೆ ಸಾಮಾನ್ಯವಾಗಿ ಪತ್ರಿಕೆಗೆ ಅನ್ವಯಿಸುತ್ತದೆ, ಲೇಖನಕ್ಕಲ್ಲ. ಅಂಥ ಪತ್ರಿಕೆಯ ಸಂಪಾದಕೀಯ, ಪುಸ್ತಕ ವಿಮರ್ಶೆಗಳೂ ಅದರೊಂದಿಗೆ ಬರುತ್ತವೆ. ಇದಕ್ಕೆ ಎದುರಾಗಿ, ನೀವು ಬದಿಗೆ ಸರಿಸಿದ ನಟಿಯರ ಸಂದರ್ಶನಗಳನ್ನೂ, 1905ರಿಂದ ಪ್ರಕಟವಾಗುತ್ತಿರುವ ‘ವೆರೈಟಿ’ಯಂಥ ಉದ್ಯಮ ಪತ್ರಿಕೆಗಳ ವರದಿಗಳನ್ನೂ ಪೂರ್ತಿ ಕೈಬಿಡಬೇಕಾಗಿಲ್ಲ. ಅವು ನಿಮ್ಮ ವಾದಕ್ಕೆ ಆಧಾರವಾಗಲಾರವು, ಆದರೆ ಪಾತ್ರವೊಂದು ಹೇಗೆ ಪ್ರಚಾರಗೊಂಡಿತು ಎಂದು ಪರಿಶೀಲಿಸಲು ಅವೇ ಮೂಲ ಸಾಮಗ್ರಿ. ಲೇಖನದ ಪೂರ್ಣಪಾಠ ಸಿಗದಿದ್ದರೆ ಹಣ ತೆತ್ತು ಕೊಳ್ಳುವ ಮುನ್ನ ಅಂತರ ಗ್ರಂಥಾಲಯ ಎರವಲು ಸೇವೆಯನ್ನು ವಿಚಾರಿಸಿ.

ಪ್ರಶ್ನೆ: ಹಲವು ದಶಕಗಳ ಹಿಂದಿನ ಟಿವಿ ಕಾರ್ಯಕ್ರಮವೊಂದರ ಧ್ವನಿಚಿತ್ರ ಎಲ್ಲಿಯೂ ಸಿಗುತ್ತಿಲ್ಲ. ಹಾಗಿದ್ದರೂ ಅದರ ಬಗ್ಗೆ ಸಂಶೋಧನೆ ಸಾಧ್ಯವೇ?

ಉತ್ತರ: ಸಾಧ್ಯ. ಆರಂಭದ ಕಾಲದ ಬಹುಪಾಲು ಕಾರ್ಯಕ್ರಮಗಳು ನೇರ ಪ್ರಸಾರವಾಗಿದ್ದವು. 1956ರಲ್ಲಿ ಆಂಪೆಕ್ಸ್ ಸಂಸ್ಥೆಯ ವಿಡಿಯೊ ಟೇಪ್ ಯಂತ್ರ ಬಂದ ಮೇಲೂ ಟೇಪು ದುಬಾರಿಯಾಗಿದ್ದುದರಿಂದ ಪ್ರಸಾರ ಸಂಸ್ಥೆಗಳು ಹಳೆಯದನ್ನು ಅಳಿಸಿ ಅದರ ಮೇಲೇ ಹೊಸದನ್ನು ದಾಖಲಿಸುತ್ತಿದ್ದವು. ಆದ್ದರಿಂದ ಮುದ್ರಿತ ದಾಖಲೆಗಳ ಮೊರೆಹೋಗಬೇಕು. ಬ್ರಿಟನ್ನಿನ ಕಾರ್ಯಕ್ರಮವಾದರೆ, 1923ರಲ್ಲಿ ಆರಂಭವಾದ ‘ರೇಡಿಯೊ ಟೈಮ್ಸ್’ ಪತ್ರಿಕೆಯ ಕಾರ್ಯಕ್ರಮ ಪಟ್ಟಿಗಳು ಬಿಬಿಸಿಯ ‘ಜೀನೋಮ್’ ತಾಣದಲ್ಲಿ ಹುಡುಕಲು ಲಭ್ಯವಿವೆ. ಅಮೆರಿಕದ ಸುದ್ದಿಪ್ರಸಾರವಾದರೆ, ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಟಿವಿ ಸುದ್ದಿ ಸಂಗ್ರಹಾಗಾರವು 1968ರ ಆಗಸ್ಟ್ 5ರಿಂದ ಸಂಜೆಯ ಸುದ್ದಿಗಳನ್ನು ದಾಖಲಿಸುತ್ತ ಬಂದಿದ್ದು, ಅವುಗಳ ಸಾರಾಂಶಗಳಲ್ಲಿ ಪದ ಹಿಡಿದು ಹುಡುಕಬಹುದು. ಕಾರ್ಯಕ್ರಮ ಪಟ್ಟಿಯನ್ನು ಬಳಸುವಾಗ ಒಂದು ಎಚ್ಚರ ಬೇಕು: ಅದು ಪ್ರಸಾರಕ್ಕೆ ಮೊದಲೇ ಅಚ್ಚಾದದ್ದು, ಏನು ಪ್ರಸಾರವಾಗಬೇಕಿತ್ತು ಎಂಬುದನ್ನಷ್ಟೇ ಹೇಳುತ್ತದೆ. ಕೊನೆಯ ಗಳಿಗೆಯ ಬದಲಾವಣೆಗಳು ಅದರಲ್ಲಿ ಇರುವುದಿಲ್ಲವಾದ್ದರಿಂದ, ಪ್ರಸಾರದ ಮರುದಿನದ ದಿನಪತ್ರಿಕೆಗಳ ವಿಮರ್ಶೆ, ವರದಿಗಳನ್ನು ಪತ್ರಿಕಾ ಡೇಟಾಬೇಸುಗಳಲ್ಲಿ ಹುಡುಕಿ ತಾಳೆ ನೋಡಿದ ಬಳಿಕವೇ ಆ ದಿನಾಂಕವನ್ನು ನಿಮ್ಮ ಪ್ರಬಂಧದಲ್ಲಿ ಬರೆಯಿರಿ.