ಮಗುವಿಗಾಗಿ ಬಂದವಳಲ್ಲ

ಆಪ್ತಸಲಹೆಗೆ ಮೊದಲ ಸಲ ಬಂದವರಿಗೆ ನಾನು ಒಂದು ನಮೂನೆ ಕೊಡುತ್ತೇನೆ. ಹೆಸರು, ವಯಸ್ಸು, ಉದ್ಯೋಗ, ಮದುವೆಯಾಗಿ ಎಷ್ಟು ವರ್ಷ, ಮಕ್ಕಳೆಷ್ಟು. ಸುವರ್ಣಾ ಎಂದು ಇಲ್ಲಿ ಕರೆಯುತ್ತಿರುವ ಮಹಿಳೆ ಕೊನೆಯ ಅಂಕಣದಲ್ಲಿ ಒಂದು ಅಡ್ಡಗೆರೆ ಎಳೆದಿದ್ದರು. ಆ ಗೆರೆ ನೋಡಿದ ಕೂಡಲೇ ಅರ್ಧ ಪ್ರಕರಣ ತಿಳಿದುಹೋಯಿತು ಎಂದುಕೊಂಡೆ. ಈ ಬರಹಕ್ಕೆ ಮೂಲ ನನ್ನ ಆ ಅವಸರ. (ಹೆಸರು, ವಯಸ್ಸು, ಕಚೇರಿ ಎಲ್ಲವನ್ನೂ ಬದಲಿಸಿದ್ದೇನೆ. ಬರೆಯಲು ಇಬ್ಬರೂ ಒಪ್ಪಿದ್ದಾರೆ.)

ಕಲಬುರಗಿಯ ಏಪ್ರಿಲ್. ನಮ್ಮ ಕಡೆ ಸರಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ದಿನಗಳು. ಸುವರ್ಣಾ ಕಚೇರಿ ಮುಗಿಸಿ, ತಲೆಯ ಮೇಲೆ ಸೆರಗು ಹೊದ್ದು, ಬಿಸಿಲಿನಲ್ಲಿ ಕೆಂಪಾಗಿ ಬಂದು ಕುಳಿತರು. ವಯಸ್ಸು 38, ಮದುವೆಯಾಗಿ 12 ವರ್ಷ. ಚಿಕಿತ್ಸೆ ಹೈದರಾಬಾದಿನಲ್ಲೋ ಸೊಲ್ಲಾಪುರದಲ್ಲೋ ಎಂದು ಕೇಳಿದೆ, ಏಕೆಂದರೆ ನಮ್ಮವರು ಹೋಗುವುದು ಈ ಎರಡೇ ದಿಕ್ಕಿಗೆ. ಆಮೇಲೆ ನನ್ನ ಪಾಠ ಶುರುವಾಯಿತು. ಜೀವನದ ಯಾವುದಾದರೂ ಹಂತದಲ್ಲಿ ಸುಮಾರು ಆರು ಜನರಲ್ಲಿ ಒಬ್ಬರಿಗೆ ಮಕ್ಕಳಾಗದ ತೊಂದರೆ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ, ಕಾರಣ ಗಂಡಸರಲ್ಲೂ ಇರುತ್ತದೆ, ನಿಮ್ಮನ್ನು ನೀವು ದೂಷಿಸಿಕೊಳ್ಳಬೇಡಿ ಎಂದೆಲ್ಲ. ಅವರು ಒಂದು ಲೋಟ ನೀರು ಪೂರ್ತಿ ಕುಡಿದು ಲೋಟ ಕೆಳಗಿಟ್ಟರು.

“ಮೇಡಂ, ಅದನ್ನೆಲ್ಲ ಐದು ವರ್ಷದ ಹಿಂದೆಯೇ ಅತ್ತು ಮುಗಿಸಿದ್ದೇನೆ. ನಾನು ಮಗುವಿಗಾಗಿ ಬಂದವಳಲ್ಲ. ಗೆಳತಿಗಾಗಿ ಬಂದಿದ್ದೇನೆ.”

ಗೆಳತಿ ಗೀತಾ. ಒಂದೇ ವರ್ಷ ನೌಕರಿಗೆ ಸೇರಿದವರು, ಅಕ್ಕಪಕ್ಕದ ಮೇಜು, ಒಂದೇ ಡಬ್ಬಿಯ ಶೇಂಗಾ ಹಿಂಡಿ. ಸಂಜೆ ಅಪ್ಪನ ಕೆರೆಯ ಸುತ್ತ ನಡಿಗೆ, ಹೋಳಿ ಮುಗಿದ ಮೇಲೆ ಶರಣಬಸವೇಶ್ವರರ ಜಾತ್ರೆಯಲ್ಲಿ ಮಿರ್ಚಿ ಭಜಿ. ಗೀತಾಳ ಮೊದಲ ಕುಬಸಕ್ಕೆ ಹಸಿರು ಸೀರೆ, ಹಸಿರು ಬಳೆ ಒಯ್ದವರು ಸುವರ್ಣಾ. ಹುಟ್ಟಿದ ಗಂಡುಮಗು ಮಾತು ಕಲಿತಾಗ ಅವರನ್ನು “ಚಿಗವ್ವ” ಎಂದು ಕರೆಯಿತು. ಎರಡನೆಯ ಕೂಸು ಹೆಣ್ಣು. ಅದರ ತೊಟ್ಟಿಲ ಕಾರ್ಯಕ್ಕೆ ಮಾತ್ರ ಸುವರ್ಣಾಗೆ ಕರೆ ಬರಲಿಲ್ಲ. ಕಚೇರಿಯ ಇನ್ನೊಬ್ಬರ ಮೊಬೈಲಿನಲ್ಲಿ ಫೋಟೋ ಕಂಡಿತು. ತಮ್ಮ ಮೊಬೈಲಿನಲ್ಲಿ ಅದು ಏಕೆ ಕಾಣಲಿಲ್ಲ ಎಂದು ವಿಚಾರಿಸಿದಾಗ ತಿಳಿದದ್ದು, ಗೀತಾ ವಾಟ್ಸಾಪ್ ಸ್ಟೇಟಸ್ ಹಾಕುವಾಗ ಇವರೊಬ್ಬರಿಗೆ ಮಾತ್ರ ಕಾಣದಂತೆ ಮಾಡಿದ್ದರು.

“ಜಗಳವಾಡಿದ್ದರೆ ಮರೆಯುತ್ತಿದ್ದೆ. ಇಷ್ಟು ಹುಷಾರಾಗಿ ನನ್ನನ್ನು ತೆಗೆದು ಪಕ್ಕಕ್ಕೆ ಇಟ್ಟಿದ್ದಾಳಲ್ಲ” ಎಂದರು.

ಇಬ್ಬರೂ ಒಟ್ಟಿಗೆ ಬನ್ನಿ ಎಂದೆ. ಗೀತಾ ಬರುತ್ತಾರೆಂದು ನನಗೆ ನಂಬಿಕೆಯಿರಲಿಲ್ಲ. ಬಂದರು, ಮೂರು ವರ್ಷದ ಮಗನನ್ನು ಕಂಕುಳಲ್ಲಿಟ್ಟುಕೊಂಡು. ಕೂಸು ಅತ್ತೆಯ ಹತ್ತಿರ ಇತ್ತು, ಇವನನ್ನು ಹಿಡಿಯುವವರು ಯಾರೂ ಇರಲಿಲ್ಲ. ಮೊದಲ ಇಪ್ಪತ್ತು ನಿಮಿಷ ವ್ಯರ್ಥ. “ಅಂಥದ್ದೇನೂ ಇಲ್ಲ ಮೇಡಂ”, “ಕೆಲಸದ ಒತ್ತಡ”, “ನನ್ನದೂ ತಪ್ಪಿರಬಹುದು”. ಸಭ್ಯತೆ ಎನ್ನುವುದು ಆಪ್ತಸಲಹೆಗೆ ಜಗಳಕ್ಕಿಂತ ದೊಡ್ಡ ಅಡ್ಡಿ.

ಆಗ ಹುಡುಗನ ಕೈಯಲ್ಲಿದ್ದ ಸ್ಟೀಲ್ ಡಬ್ಬಿ ಜಾರಿತು. ಒಗ್ಗರಣೆ ಹಾಕಿದ ಚುರುಮುರಿ ನೆಲದ ತುಂಬ. ಸುವರ್ಣಾ ರೂಢಿಯಂತೆ ಬಗ್ಗಿ ಬಳಿಯತೊಡಗಿದರು. ಗೀತಾ ತಟ್ಟನೆ ಅವರ ಕೈ ತಡೆದು “ಬಿಡು, ನಿನಗ್ಯಾಕೆ ಇದೆಲ್ಲ” ಎಂದರು.

ಸುವರ್ಣಾ ಹಿಡಿಯಷ್ಟು ಚುರುಮುರಿ ಹಿಡಿದುಕೊಂಡೇ ನನ್ನತ್ತ ತಿರುಗಿದರು. “ಇದೇ ಮೇಡಂ. ನಾನು ಹೇಳಿದ್ದು ಇದನ್ನೇ. ಇವನ ಒದ್ದೆ ಚಡ್ಡಿ ಬದಲಿಸಿದವಳು ನಾನು. ಈಗ ಇವನು ಚೆಲ್ಲಿದ್ದನ್ನು ಎತ್ತಲೂ ನಾನು ಹೊರಗಿನವಳು.”

ಗೀತಾ ತಲೆ ಎತ್ತಲಿಲ್ಲ. “ನಿನ್ನ ಎದುರು ಕೂಸನ್ನು ಎತ್ತಿಕೊಂಡರೆ ನಿನ್ನದೇನೋ ಕದ್ದ ಹಾಗೆ ಆಗುತ್ತದೆ ನನಗೆ. ತೊಟ್ಟಿಲಿನ ದಿನ ಅತ್ತೆ ನಿನಗೆ ಏನಾದರೂ ಅಂದುಬಿಟ್ಟರೆ? ಕೂಸನ್ನು ತೊಟ್ಟಿಲ ಮೇಲಿಂದ ಕೆಳಗಿಂದ ದಾಟಿಸುವಾಗ ಆ ಕಡೆ ಯಾರು, ಈ ಕಡೆ ಯಾರು ಎಂಬ ಮಾತು ಬರುತ್ತದೆ. ನಿನ್ನನ್ನು ಹಿಂದೆ ನಿಲ್ಲಿಸುವುದನ್ನು ನಾನು ನೋಡಲಾರೆ ಎಂದು ಕರೆಯಲಿಲ್ಲ.”

“ಅತ್ತೆ ಅಂದರೆ ನೀನು ನನ್ನ ಪರ ಒಂದು ಮಾತು ಆಡಬಹುದಿತ್ತು.”

ಇದಕ್ಕೆ ಗೀತಾಳ ಬಳಿ ಉತ್ತರವಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಬೇರೆಯದೇ ಮಾತು ಬಂತು. “ಎರಡು ತಿಂಗಳಿಂದ ರಾತ್ರಿ ಎದ್ದು ಕುಳಿತು ಅಳುತ್ತೇನೆ. ಏಕೆಂದು ನನಗೇ ಗೊತ್ತಿಲ್ಲ. ನಿನಗೆ ಹೇಳಬೇಕೆಂದು ಎಷ್ಟು ಸಲ ಫೋನ್ ಕೈಗೆತ್ತಿಕೊಂಡೆನೋ. ಇದ್ದವಳಿಗೆ ಬೆಲೆ ಗೊತ್ತಿಲ್ಲ ಎಂದುಕೊಳ್ಳುತ್ತೀಯೆಂದು ಹೇಳಲಿಲ್ಲ.”

“ನಾನು ಎಂದಾದರೂ ಹಾಗೆ ಅಂದಿದ್ದೇನಾ?”

“ಇಲ್ಲ.”

“ಮತ್ತೆ?”

ಹುಡುಗ ನೆಲದಲ್ಲಿ ಕುಳಿತು ಶೇಂಗಾ ಕಾಳುಗಳನ್ನಷ್ಟೇ ಆರಿಸಿ ತಿನ್ನುತ್ತಿದ್ದ. ಈ ಸಲ ಯಾರೂ ಅವನನ್ನು ತಡೆಯಲಿಲ್ಲ.

ಗೀತಾಳ ಅಳುವಿನ ವಿಷಯವನ್ನು ನಾನು ಮೊದಲು ಕೈಗೆತ್ತಿಕೊಂಡೆ. ಹೆರಿಗೆಯಾದ ಮೊದಲ ಕೆಲವು ದಿನ ಮನಸ್ಸು ತೇವವಾಗಿರುವುದು ಸಹಜ. ಎರಡು ವಾರ ದಾಟಿದ ಮೇಲೂ ಅಳು, ನಿದ್ದೆಗೇಡು, ಬೇಸರ ಬಿಡದಿದ್ದರೆ ವೈದ್ಯರಿಗೆ ತೋರಿಸಲೇಬೇಕು. ಅದು ಸೊಕ್ಕಲ್ಲ, ಬಾಣಂತಿಯ ಹಟವೂ ಅಲ್ಲ, ವಾಸಿಯಾಗುವ ಕಾಯಿಲೆ. ಮನೋವೈದ್ಯರ ಬಳಿಗೆ ಚೀಟಿ ಬರೆದುಕೊಟ್ಟೆ. ನಡುರಾತ್ರಿ ಬೇಕಾದರೆ ಇರಲಿ ಎಂದು ಟೆಲಿ ಮಾನಸ್ ಸಹಾಯವಾಣಿ 14416ನ್ನು ಮೊಬೈಲಿನಲ್ಲಿ ಉಳಿಸಿಕೊಳ್ಳಲು ಹೇಳಿದೆ. 2022ರಿಂದ ಇರುವ ಈ ಉಚಿತ ಸೇವೆಯಲ್ಲಿ ಕನ್ನಡದಲ್ಲಿ ಮಾತನಾಡಬಹುದು. ಆಸ್ಪತ್ರೆಗೆ ಜೊತೆಗೆ ಹೋಗುತ್ತೇನೆ ಎಂದು ಸುವರ್ಣಾ ತಾವಾಗಿಯೇ ಹೇಳಿದರು. ನೋಯಿಸಬಾರದೆಂದು ಗೀತಾ ದೂರವಿಟ್ಟದ್ದು, ತಮ್ಮ ಮುಖ ನೋಡಿಯೇ ಏನೋ ಆಗಿದೆ ಎಂದು ಗುರುತಿಸಬಲ್ಲ ಒಬ್ಬಳನ್ನು.

ಸುವರ್ಣಾ ಪಾಲಿನದೂ ಇದೆ, ಮುಚ್ಚಿಡುವುದಿಲ್ಲ. ಹಿಂದಿನ ಜಾತ್ರೆಯ ಸಂಜೆ ಹುಡುಗನಿಗೆ ಜ್ವರ ಬಂದು ಗೀತಾ ಬರಲಾಗದಾಗ “ನಿನಗೆ ಯಾವಾಗಲೂ ಒಂದು ನೆಪ” ಎಂದು ಸಂದೇಶ ಕಳಿಸಿದ್ದರು. ಗೀತಾ ಅದನ್ನು ಅಳಿಸದೆ ಇಟ್ಟುಕೊಂಡಿದ್ದರು. ಕಚೇರಿಯಲ್ಲಿ ರಜೆ ದಿನದ ಕೆಲಸ ಬಂದಾಗಲೆಲ್ಲ “ನಿಮಗೇನು, ಮಕ್ಕಳಿಲ್ಲ ಮರಿಗಳಿಲ್ಲ, ನೀವೇ ಹೋಗಿ” ಎಂದು ಮೇಲಿನವರು ತಳ್ಳುತ್ತಿದ್ದರಂತೆ. ಆ ಸಿಟ್ಟು ಮೇಲಿನವರ ಮೇಲೆ ತಿರುಗದೆ ಗೆಳತಿಯ ಮೇಲೆ ತಿರುಗಿತ್ತು. ಇನ್ನು ಮುಂದೆ ಅಂಥ ಕೆಲಸ ಸರದಿಯ ಪ್ರಕಾರ ಬರಲಿ ಎಂದು ಬರೆದು ಕೊಡಿ, ಗೀತಾಳ ಲೆಕ್ಕಕ್ಕೆ ಅದನ್ನು ಸೇರಿಸಬೇಡಿ ಎಂದೆ.

ಗೀತಾಗೆ ಹೇಳಿದ್ದು ಸಣ್ಣದು. ಕರೆಯಿರಿ. ತೊಟ್ಟಿಲು, ಜವಳ, ಹುಟ್ಟುಹಬ್ಬ, ಎಲ್ಲಕ್ಕೂ ಕರೆಯಿರಿ. ಎದುರು ನಿಂತು ಕರೆದರೆ ಮುಖದ ಮೇಲೆ ತಕ್ಷಣ ಉತ್ತರ ಬರಬೇಕಾಗುತ್ತದೆ. ಆದ್ದರಿಂದ ಎರಡು ದಿನ ಮೊದಲೇ ಸಂದೇಶ ಕಳಿಸಿ, “ಬಂದರೆ ಸಂತೋಷ, ಮನಸ್ಸಿಲ್ಲದಿದ್ದರೆ ಅದೂ ಸರಿ” ಎಂದು ಸೇರಿಸಿ. ಬರುವುದೋ ಬಿಡುವುದೋ ಅವರ ಲೆಕ್ಕ. ಅತ್ತೆಗೆ ಕಾರ್ಯದ ದಿನಕ್ಕಿಂತ ಮೊದಲೇ ಹೇಳಿಬಿಡಿ. ಜನರ ಮುಂದೆ ಆಡಿದ ಮಾತನ್ನು ಯಾರೂ ಹಿಂದಕ್ಕೆ ಪಡೆಯುವುದಿಲ್ಲ. ಭೇಟಿಗೆ “ಬಿಡುವಾದಾಗ” ಎನ್ನಬೇಡಿ, ಸಣ್ಣ ಮಕ್ಕಳ ಮನೆಯಲ್ಲಿ ಬಿಡುವು ಎನ್ನುವುದು ಬರುವುದೇ ಇಲ್ಲ. ವಾರಕ್ಕೆ ಒಂದು ತಾಸು, ಮಕ್ಕಳು ಜೊತೆಗಿದ್ದರೂ ಸರಿ, ಮನೆ ಹರಡಿಕೊಂಡಿದ್ದರೂ ಸರಿ. ಇಬ್ಬರೂ ಮಂಗಳವಾರ ಸಂಜೆ ಎಂದು ಒಪ್ಪಿಕೊಂಡರು.

ಈ ಸಲಹೆಯ ಬಗ್ಗೆ ನನ್ನ ವೃತ್ತಿಯವರೇ ಒಬ್ಬರು ತಕರಾರು ತೆಗೆದರು. ಹಳೆಯ ಗಾಯದ ಮೇಲೆ ಕೈಯಿಡದೆ ಮೇಲೆ ಮೇಲೆ ಒರೆಸಿದಿರಿ, ಸಂತಾನವಿಲ್ಲದ ದುಃಖವನ್ನು ಕೆದಕಬೇಕಿತ್ತು ಎಂದರು. ನಾನು ಒಪ್ಪುವುದಿಲ್ಲ. ಮುಗಿಸಿದ್ದೇನೆ ಎಂದು ಒಬ್ಬ ಹೆಂಗಸು ಹೇಳಿದರೆ, ಇಲ್ಲ ಇನ್ನೂ ಉಳಿದಿದೆ ಎಂದು ಹಟ ಹಿಡಿಯಲು ನಾನು ಯಾರು? ಊರು ಅವಳಿಗೆ ಮಾಡುವುದೂ ಅದನ್ನೇ ಅಲ್ಲವೇ. ಇನ್ನೊಂದು ತಕರಾರು ಮನೆಯವರಿಂದ ಬರುತ್ತದೆ: ಇಬ್ಬರು ಹೆಂಗಸರ ಮುನಿಸಿಗೆ ಆಪ್ತಸಲಹೆ ಬೇಕೇ? ಗಂಡ ಹೆಂಡತಿ ಜಗಳಕ್ಕೆ ಹಿರಿಯರು ಕೂಡುತ್ತಾರೆ, ಹೊಲದ ಬದುವಿನ ಜಗಳಕ್ಕೆ ಕೋರ್ಟಿದೆ. ಹದಿನಾಲ್ಕು ವರ್ಷದ ಗೆಳೆತನ ಹೋದರೆ ದೂರು ಕೊಡಲು ಒಂದು ಬಾಗಿಲೂ ಇಲ್ಲ. ಗಂಡಸರೂ ಬರುತ್ತಾರೆ ಇದೇ ನೋವು ಹೊತ್ತು, ಆದರೆ ಅವರು ವ್ಯವಹಾರದ ಮಾತಿನಿಂದ ಆರಂಭಿಸುತ್ತಾರೆ.

ಮೂರನೆಯ ಭೇಟಿಗೆ ಅವರು ಬರಲಿಲ್ಲ. ನಮೂನೆಯ ಆ ಅಂಕಣವನ್ನು ಈಗ ಪೆನ್ನಿನಿಂದ ಹೊಡೆದು ಕೊಡುತ್ತಿದ್ದೇನೆ, ಅಚ್ಚು ಹಾಕಿಸಿದ್ದು ಇನ್ನೂ ಮುನ್ನೂರು ಹಾಳೆ ಉಳಿದಿವೆ. ದೀಪಾವಳಿ ಕಳೆದ ಮೇಲೆ ಸುವರ್ಣಾ ಫೋನ್ ಮಾಡಿದ್ದರು. ಕೂಸಿನ ಜವಳಕ್ಕೆ ಕರೆ ಬಂದಿತ್ತಂತೆ. ಹೋದಿರಾ ಎಂದು ಕೇಳಿದೆ.

“ಇಲ್ಲ ಮೇಡಂ, ಹೋಗಲಿಲ್ಲ. ಬೇರೆ ಕೆಲಸವಿದೆ ಎಂದು ಸುಳ್ಳೂ ಹೇಳಲಿಲ್ಲ, ಮನಸ್ಸಿಲ್ಲ ಎಂದೇ ಬರೆದೆ. ಆಯಿತು, ಮಂಗಳವಾರ ಬಾ, ಬೋಳು ತಲೆ ತೋರಿಸುತ್ತೇನೆ ಎಂದು ಬರೆದಳು.”