ಈಚೆಗಷ್ಟೇ ನಡೆದ ದುರಂತವನ್ನು ಸಿನಿಮಾ ಮಾಡುವುದು ಸರಿಯಾ?

ಜನರ ಗಾಯ ಇನ್ನೂ ಹಸಿಯಾಗಿರುವಾಗ ಅದನ್ನೇ ಸಿನಿಮಾ ಮಾಡಿ ದುಡ್ಡು ಮಾಡಬಹುದಾ ಅಂತ ಕೇಳಿದ್ದೀರಿ. ಮಾಡಲಿ ಅನ್ನುವವಳು ನಾನು. ಆದರೆ ಪೂರ್ತಿ ಮಾಡಲಿ.

ನಮ್ಮ ಮನೆ ಮಡಿಕೇರಿ ಹತ್ತಿರ. 2018ರ ಆಗಸ್ಟ್‌ನಲ್ಲಿ ಕೇರಳ ಮುಳುಗಿದಾಗಲೇ ನಮ್ಮಲ್ಲೂ ಬರೆ, ಅಂದರೆ ಗುಡ್ಡದ ಇಳಿಜಾರು, ಜರಿದು ಜೋಡುಪಾಲ, ಮಕ್ಕಂದೂರು ಕಡೆ ಮನೆ, ತೋಟ ಎಲ್ಲ ಕೊಚ್ಚಿಕೊಂಡು ಹೋಯಿತು. ನಾವು ಹತ್ತು ದಿನ ಪರಿಹಾರ ಕೇಂದ್ರದಲ್ಲಿದ್ದೆವು. ಕೇರಳದ ನೆರೆ ಬಗ್ಗೆ ಜೂಡ್ ಆಂತನಿ ಜೋಸೆಫ್ ಮಾಡಿದ '2018' ಅನ್ನುವ ಮಲಯಾಳಂ ಸಿನಿಮಾ 2023ರಲ್ಲಿ ಬಂತು, ಅದನ್ನು ಮನೆಯಲ್ಲಿ ಅಮ್ಮನ ಜೊತೆ ಕೂತು ನೋಡಿದೆ. ಮಳೆ ಸದ್ದು ಜೋರಾಗುತ್ತಿದ್ದಂತೆ ಅಮ್ಮ ಎದ್ದು ಹೋಗಿ, ಹಿತ್ತಲ ಬಾಗಿಲು ತೆಗೆದು, ಬರೆ ಮೇಲೆ ಟಾರ್ಚ್ ಬಿಟ್ಟು ನೋಡಿ ಬಂದಳು. ಹೊರಗೆ ಒಂದು ಹನಿ ಮಳೆಯೂ ಇರಲಿಲ್ಲ.

ಆದರೂ ಮೀನುಗಾರರು ಜನರನ್ನು ಕಾಪಾಡಲು ಬರುವ ಭಾಗದಲ್ಲಿ ಇಬ್ಬರೂ ಅತ್ತೆವು. ಅದು ಕಟ್ಟುಕಥೆಯಲ್ಲ. ಕಡಲತೀರದಿಂದ ದೋಣಿಗಳನ್ನು ಲಾರಿಗೆ ಹೇರಿಕೊಂಡು ಬಂದು ಸಾವಿರಾರು ಜನರನ್ನು ಎತ್ತಿ ತಂದರು. ಟಿವಿಯವರು ಒಂದು ವಾರ ತೋರಿಸಿ ಮರೆಯುತ್ತಾರೆ, ಸಿನಿಮಾ ಉಳಿಯುತ್ತದೆ ಅಲ್ವಾ?

ನನಗೆ ಸಾಲದೆ ಹೋಗಿದ್ದು ಬೇರೆ. ಆಗ ಮೂವತ್ತಕ್ಕೂ ಜಾಸ್ತಿ ಅಣೆಕಟ್ಟುಗಳ ಗೇಟು ತೆಗೆದಿದ್ದರು. ಮಳೆಗಾಲದ ಮೊದಲಲ್ಲೇ ಸ್ವಲ್ಪ ಸ್ವಲ್ಪ ನೀರು ಬಿಟ್ಟಿದ್ದರೆ ಇಷ್ಟಾಗುತ್ತಿತ್ತಾ ಅಂತ ಕೇರಳದಲ್ಲಿ ದೊಡ್ಡ ಜಗಳವೇ ನಡೆಯಿತು. ಆ ಪ್ರಶ್ನೆಯನ್ನು ಸಿನಿಮಾ ಗಟ್ಟಿಯಾಗಿ ಹಿಡಿಯುವುದಿಲ್ಲ. ಎಲ್ಲರೂ ಒಳ್ಳೆಯವರೇ, ಮಳೆ ಮಾತ್ರ ಕೆಟ್ಟದ್ದು ಅಂದುಬಿಟ್ಟರೆ ಮುಂದಿನ ಸಲಕ್ಕೆ ನಾವು ಏನು ಕಲಿತ ಹಾಗಾಯಿತು? ಈ ವಿಷಯದಲ್ಲಿ ಆಶಿಕ್ ಅಬು ಮಾಡಿದ 'ವೈರಸ್' ನನಗೆ ಜಾಸ್ತಿ ಇಷ್ಟ. 2018ರ ಮೇ ತಿಂಗಳಲ್ಲಿ ಕೋಳಿಕ್ಕೋಡ್‌ನಲ್ಲಿ ನಿಪಾ ಬಂತಲ್ಲ, ಮರುವರ್ಷವೇ ತೆರೆಗೆ ಬಂದ ಸಿನಿಮಾ ಅದು. ರೋಗ ಯಾರಿಂದ ಯಾರಿಗೆ, ಎಲ್ಲಿ ಹರಡಿತು ಅಂತ ಒಂದೊಂದೇ ಎಳೆ ಹಿಡಿದು ಹುಡುಕುತ್ತಾ ಹೋಗುತ್ತದೆ. ಹಾಗಾಗಿ ಬೇಗ ಮಾಡಿದ್ದೇ ತಪ್ಪು ಅಂತ ನನಗೆ ಅನ್ನಿಸುವುದಿಲ್ಲ.

ಇನ್ನೊಂದು, ನೀರು ಇಳಿದ ಮೇಲಿನ ದಿನಗಳು. ನಾವು ವಾಪಸ್ ಬಂದಾಗ ಅಡುಗೆಮನೆಯಲ್ಲಿ ಮೊಣಕಾಲುದ್ದ ಕೆಸರು. ಅಮ್ಮ ಮೊದಲು ಹುಡುಕಿದ್ದು ಪಾತ್ರೆಯನ್ನಲ್ಲ, ಒಡವೆಯನ್ನೂ ಅಲ್ಲ, ಜಾಗದ ಕಾಗದ ಇಟ್ಟಿದ್ದ ಟ್ರಂಕನ್ನು. ಕಾಗದ ಇಲ್ಲದಿದ್ದರೆ ಪರಿಹಾರ ಸಿಗುವುದಿಲ್ಲ ಅಂತ ಯಾರೋ ಹೇಳಿದ್ದರು. ಸಿಕ್ಕಿದ ಕಾಗದಗಳನ್ನು ಒಲೆ ಪಕ್ಕ ಒಂದೊಂದಾಗಿ ಒಣಗಿಸುತ್ತಾ ರಾತ್ರಿಯಿಡೀ ಕೂತಿದ್ದಳು. ಅದನ್ನು ಇನ್ನೂ ಯಾವ ಸಿನಿಮಾದಲ್ಲೂ ನಾನು ನೋಡಿಲ್ಲ.